ನಿತ್ಯಪುಷ್ಪ: ಜನಪದ ನಂಬಿಕೆಯಿಂದ ಪ್ರಯೋಗಾಲಯದವರೆಗೆ

ಮನೆಯಂಗಳ, ದೇವಾಲಯದ ಆವರಣ, ಹಾಳುಗೋಡೆಯ ಸಂದು ಎಂಬ ಭೇದವಿಲ್ಲದೆ ಬೇರೂರಿ ವರ್ಷವಿಡೀ ಹೂ ಬಿಡುವ ನಿತ್ಯಪುಷ್ಪವು ಕನ್ನಡ ನಾಡಿನ ಜನರಿಗೆ ಚಿರಪರಿಚಿತವಾದ ಸಸ್ಯ. ಕಾಶಿಕಣಗಿಲೆ, ಸದಾಪುಷ್ಪ ಎಂಬ ಹೆಸರುಗಳೂ ಇದಕ್ಕುಂಟು. ಆದರೆ ಇದು ಈ ನೆಲದ ಮೂಲ ಸಸ್ಯವಲ್ಲ. ಮಡಗಾಸ್ಕರ್ ದ್ವೀಪವೇ ಇದರ ತವರು. 1759ರಲ್ಲಿ ಲಿನೇಯಸ್ ಇದನ್ನು ವಿಂಕಾ ರೋಸಿಯ ಎಂದು ಹೆಸರಿಸಿದನು. ಮುಂದೆ ಜಾರ್ಜ್ ಡಾನ್ ಇದನ್ನು ಬೇರೊಂದು ಕುಲಕ್ಕೆ ಸೇರಿಸಿದ್ದರಿಂದ ಕ್ಯಾಥರಾಂಥಸ್ ರೋಸಿಯಸ್ ಎಂಬ ಹೆಸರು ರೂಢಿಗೆ ಬಂದಿತು. ಕಣಗಿಲೆ, ನಂದಿಬಟ್ಟಲು, ಸರ್ಪಗಂಧಿಗಳನ್ನೊಳಗೊಂಡ ಅಪೋಸೈನೇಸೀ ಕುಟುಂಬಕ್ಕೆ ಇದು ಸೇರುತ್ತದೆ. ಆಲ್ಕಲಾಯ್ಡ್ ಎಂಬ ಸಾರಜನಕಯುಕ್ತ ಸಂಯುಕ್ತಗಳ ಸಮೃದ್ಧಿಗೆ ಈ ಕುಟುಂಬ ಹೆಸರಾಗಿದೆ. ನಿತ್ಯಪುಷ್ಪವೊಂದರಲ್ಲೇ ಇಂತಹ ನೂರಕ್ಕೂ ಹೆಚ್ಚು ಸಂಯುಕ್ತಗಳನ್ನು ಗುರುತಿಸಲಾಗಿದೆ.

ಜಮೈಕಾ, ಫಿಲಿಪ್ಪೀನ್ಸ್ ಮೊದಲಾದ ಪರಸ್ಪರ ದೂರದ ಪ್ರದೇಶಗಳಲ್ಲಿ ಇದರ ಎಲೆಯ ಕಷಾಯವನ್ನು ಮಧುಮೇಹಕ್ಕೆ ಮದ್ದೆಂದು ಬಳಸುತ್ತಿದ್ದರು. ಭಾರತದಲ್ಲಿಯೂ ಈ ನಂಬಿಕೆ ಪ್ರಚಲಿತವಾಗಿದೆ. 1952ರಲ್ಲಿ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಜಮೈಕಾದಿಂದ ಈ ಗಿಡದ ಕೆಲವು ಎಲೆಗಳು ಬಂದವು. ಅವರು ಅವುಗಳನ್ನು ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾಲಯದಲ್ಲಿದ್ದ ತಮ್ಮ ಸೋದರ ರಾಬರ್ಟ್ ನೋಬಲ್ ಅವರಿಗೆ ಕಳುಹಿಸಿದರು. ಎಲೆಯ ಸಾರವನ್ನು ಬಾಯಿಯ ಮೂಲಕ ಕೊಟ್ಟಾಗ ಇಲಿಗಳ ರಕ್ತದ ಸಕ್ಕರೆಯಲ್ಲಿ ಗಮನಾರ್ಹ ಬದಲಾವಣೆ ಕಾಣಲಿಲ್ಲ. ಚುಚ್ಚುಮದ್ದಿನ ಮೂಲಕ ಕೊಟ್ಟಾಗ ಇಲಿಗಳು ಕೆಲವೇ ದಿನಗಳಲ್ಲಿ ಸೋಂಕಿಗೆ ತುತ್ತಾಗಿ ಸತ್ತವು. ಪರೀಕ್ಷಿಸಿ ನೋಡಿದಾಗ ಅವುಗಳ ರಕ್ತದ ಬಿಳಿಕಣಗಳು ತೀವ್ರವಾಗಿ ಕುಸಿದಿದ್ದವು, ಅಸ್ಥಿಮಜ್ಜೆಯೂ ಕುಂದಿತ್ತು.

ಪ್ರಯೋಗ ವಿಫಲವಾಯಿತೆಂದು ಅಲ್ಲಿಗೇ ಕೈಬಿಡದೆ ಈ ಸಾವುಗಳ ಕಾರಣವನ್ನು ಅನ್ವೇಷಿಸಿದುದೇ ಈ ಸಂಶೋಧನೆಯ ತಿರುವು. ಬಿಳಿಕಣಗಳನ್ನು ನಾಶಪಡಿಸುವ ವಸ್ತುವು ಅವು ಮಿತಿಮೀರಿ ವೃದ್ಧಿಸುವ ರಕ್ತ ಕ್ಯಾನ್ಸರಿನಲ್ಲಿ ಉಪಯುಕ್ತವಾಗಬಹುದೆಂಬ ತರ್ಕ ಇದರಿಂದ ಹೊರಟಿತು. ರಾಬರ್ಟ್ ನೋಬಲ್ ಮತ್ತು ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಬಿಯರ್ ಎಲೆಯಿಂದ ಪ್ರತ್ಯೇಕಿಸಿದ ಸಕ್ರಿಯ ವಸ್ತುವಿನ ವಿವರ 1958ರಲ್ಲಿ ಪ್ರಕಟವಾಯಿತು. ಅದೇ ಇಂದಿನ ವಿನ್‌ಬ್ಲಾಸ್ಟಿನ್. ಇದೇ ಅವಧಿಯಲ್ಲಿ ಅಮೆರಿಕದ ಈಲೈ ಲಿಲ್ಲಿ ಸಂಸ್ಥೆಯ ಗಾರ್ಡನ್ ಸ್ವೊಬೋಡಾ ಮತ್ತು ಸಂಗಡಿಗರು ಸ್ವತಂತ್ರವಾಗಿ ಇದೇ ಗಿಡವನ್ನು ಅಭ್ಯಸಿಸುತ್ತಿದ್ದರು. ಅವರ ಶ್ರಮದಿಂದ ವಿನ್‌ಕ್ರಿಸ್ಟಿನ್ ಎಂಬ ಎರಡನೆಯ ಔಷಧವು ದೊರೆಯಿತು. 1963ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಲಭಿಸಿತು.

ಈ ಎರಡೂ ಔಷಧಗಳ ಕಾರ್ಯವಿಧಾನ ಒಂದೇ. ಜೀವಕೋಶವು ವಿಭಜನೆಗೊಳ್ಳುವಾಗ ಟ್ಯೂಬುಲಿನ್ ಎಂಬ ಪ್ರೋಟೀನು ಸೂಕ್ಷ್ಮನಳಿಕೆಗಳಾಗಿ ಜೋಡಣೆಗೊಂಡು ವರ್ಣತಂತುಗಳನ್ನು ಎರಡು ಪಾಲಾಗಿ ಎಳೆಯುತ್ತದೆ. ವಿಂಕಾ ಆಲ್ಕಲಾಯ್ಡ್‌ಗಳು ಟ್ಯೂಬುಲಿನ್ನಿಗೆ ಅಂಟಿಕೊಂಡು ಈ ಜೋಡಣೆಯನ್ನು ತಡೆಯುತ್ತವೆ. ವಿಭಜನೆ ಅರ್ಧದಲ್ಲಿಯೇ ನಿಂತು ಕೋಶ ಸಾಯುತ್ತದೆ. ರಚನೆಯಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಅತ್ಯಲ್ಪ: ಒಂದರಲ್ಲಿ ಮೀಥೈಲ್ ಗುಂಪಿರುವ ಸ್ಥಾನದಲ್ಲಿ ಮತ್ತೊಂದರಲ್ಲಿ ಫಾರ್ಮೈಲ್ ಗುಂಪಿದೆ. ಆದರೆ ಪರಿಣಾಮದಲ್ಲಿ ಅಂತರ ದೊಡ್ಡದು. ಮಕ್ಕಳ ರಕ್ತ ಕ್ಯಾನ್ಸರಿನ ಸಂಯುಕ್ತ ಚಿಕಿತ್ಸೆಯಲ್ಲಿ ವಿನ್‌ಕ್ರಿಸ್ಟಿನ್ ಪ್ರಧಾನವಾದುದು. ಅದರ ಮುಖ್ಯ ಅಡ್ಡಪರಿಣಾಮ ನರಗಳಿಗೆ ಆಗುವ ಹಾನಿ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಬಳಸುವ ವಿನ್‌ಬ್ಲಾಸ್ಟಿನ್ ಅಸ್ಥಿಮಜ್ಜೆಯನ್ನು ಹೆಚ್ಚಾಗಿ ಕುಗ್ಗಿಸುತ್ತದೆ. ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಸ್ಥಾನ ಪಡೆದಿವೆ.

ಇಷ್ಟೊಂದು ಬೆಲೆಯುಳ್ಳ ಈ ವಸ್ತುಗಳು ಗಿಡದಲ್ಲಿರುವುದು ಅತ್ಯಲ್ಪ ಪ್ರಮಾಣದಲ್ಲಿ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್ ಪಡೆಯಲು ಅಂದಾಜು 500 ಕಿಲೋಗ್ರಾಂ ಒಣ ಎಲೆ ಬೇಕು. ವಿನ್‌ಕ್ರಿಸ್ಟಿನ್ ಇನ್ನೂ ವಿರಳ. ಈ ಅಣುಗಳು ವಿಂಡೋಲಿನ್ ಮತ್ತು ಕ್ಯಾಥರಾಂಥಿನ್ ಎಂಬ ಎರಡು ಸರಳ ಆಲ್ಕಲಾಯ್ಡ್‌ಗಳ ಸಂಯೋಗದಿಂದ ರೂಪುಗೊಳ್ಳುತ್ತವೆ. ಅವುಗಳ ತಯಾರಿಕೆಯ ಹಂತಗಳು ಎಲೆಯ ಒಂದೇ ಬಗೆಯ ಕೋಶದಲ್ಲಿ ನಡೆಯದೆ, ನಾಳಗಳ ಬಳಿಯ ಕೋಶ, ಹೊರಪದರದ ಕೋಶ ಹಾಗೂ ವಿಶಿಷ್ಟ ಸಂಗ್ರಾಹಕ ಕೋಶಗಳ ನಡುವೆ ಹಂಚಿಹೋಗಿವೆ. ಬಿಡಿಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಔಷಧ ಪಡೆಯುವ ಯತ್ನಗಳು ಲಾಭದಾಯಕವಾಗದಿರಲು ಇದೂ ಒಂದು ಕಾರಣ. ಈ ಎರಡು ಆಲ್ಕಲಾಯ್ಡ್‌ಗಳನ್ನು ಪ್ರಯೋಗಾಲಯದಲ್ಲಿ ಬೆಸೆಯುವ ವಿಧಾನವನ್ನು 1970ರ ದಶಕದಲ್ಲಿ ಫ್ರಾನ್ಸಿನ ಪಿಯರ್ ಪೊಟಿಯೆ ಮತ್ತು ಸಂಗಡಿಗರು ರೂಪಿಸಿದರು. ವಿನೊರೆಲ್‌ಬಿನ್ ಎಂಬ ಅರೆಸಂಶ್ಲೇಷಿತ ಔಷಧವೂ ಆ ತಂಡದ ಕೊಡುಗೆಯೇ.

ಗಿಡದಲ್ಲಿ ಈ ಅಣು ತಯಾರಾಗುವ ಮಾರ್ಗದ ಕಾಣದಿದ್ದ ಕಿಣ್ವಗಳನ್ನು ಸಂಶೋಧಕರು 2018ರಲ್ಲಿ ಗುರುತಿಸಿದರು. 2022ರಲ್ಲಿ ಮತ್ತೊಂದು ತಂಡವು 34 ಸಸ್ಯ ಜೀನುಗಳನ್ನು ಯೀಸ್ಟಿಗೆ ಸೇರಿಸಿ, 30 ಕಿಣ್ವಕ್ರಿಯೆಗಳ ಮೂಲಕ ವಿಂಡೋಲಿನ್ ಮತ್ತು ಕ್ಯಾಥರಾಂಥಿನ್‌ಗಳನ್ನು ಉತ್ಪಾದಿಸಿ, ಅವುಗಳನ್ನು ರಾಸಾಯನಿಕವಾಗಿ ಬೆಸೆದು ವಿನ್‌ಬ್ಲಾಸ್ಟಿನ್ ಪಡೆಯಿತು. ಭಾರತದಲ್ಲಿ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯ ಸಂಸ್ಥೆಯು ನಿರ್ಮಲ್, ಧವಲ್ ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದೆ; ಅದರ ಬೆಂಗಳೂರು ಕೇಂದ್ರದಲ್ಲಿಯೂ ಈ ಗಿಡದ ತಳಿವಿಜ್ಞಾನದ ಅಧ್ಯಯನ ನಡೆದಿದೆ. ಎಲೆಯಷ್ಟೇ ಅಲ್ಲದೆ ಬೇರಿಗೂ ಬೇಡಿಕೆಯುಂಟು. ರಕ್ತಸಂಚಾರಕ್ಕೆ ಸಂಬಂಧಿಸಿದ ಔಷಧಗಳಲ್ಲಿ ಬಳಕೆಯಾದ ಅಜ್ಮಲಿಸಿನ್ ದೊರೆಯುವುದು ಬೇರಿನಿಂದಲೇ.

ಈ ಯಶಸ್ಸನ್ನು ಜನಪದ ವೈದ್ಯದ ನೇರ ಸಮರ್ಥನೆಯೆಂದು ಭಾವಿಸುವುದು ಸರಿಯಲ್ಲ. ಎಲೆಯ ಸಾರದಿಂದ ಸಕ್ಕರೆಯ ಅಂಶ ಇಳಿದುದನ್ನು ಪ್ರಾಣಿಗಳ ಮೇಲಿನ ಕೆಲವು ಅಧ್ಯಯನಗಳು ಮುಂದೆ ವರದಿ ಮಾಡಿವೆಯಾದರೂ, ಮಧುಮೇಹದ ಅಂಗೀಕೃತ ಚಿಕಿತ್ಸೆಯಲ್ಲಿ ಅದಕ್ಕೆ ಸ್ಥಾನ ದೊರೆತಿಲ್ಲ. ಕ್ಯಾನ್ಸರಿಗೆ ಮದ್ದಾದುದು ಎಲೆಯಲ್ಲ. ಶುದ್ಧೀಕರಿಸಿ, ಅಳೆದು, ರಕ್ತನಾಳದ ಮೂಲಕ ಮಾತ್ರ ಕೊಡುವ ಅಣು. ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿದರೆ ಮಾರಕವಾಗುವುದೆಂಬುದು ಅದರ ತೀಕ್ಷ್ಣತೆಗೆ ಸಾಕ್ಷಿ. ಆದ್ದರಿಂದ ಅಂಗಳದ ಗಿಡದ ಎಲೆಯನ್ನು ಅಳತೆಯಿಲ್ಲದೆ ದಿನವೂ ಸೇವಿಸುವುದು ಅಪಾಯಕರ.

ಆದರೂ ಕೆನಡಾದ ಪ್ರಯೋಗಾಲಯಕ್ಕೆ ಈ ಗಿಡವನ್ನು ತಲುಪಿಸಿದುದು ಅದೇ ಜನಪದ ನಂಬಿಕೆ ಎಂಬುದನ್ನು ಮರೆಯುವಂತಿಲ್ಲ. ಈ ಆವಿಷ್ಕಾರವಾದಾಗ ಸಸ್ಯದ ತವರಿಗಾಗಲಿ, ಅದರ ಬಳಕೆಯನ್ನು ತಿಳಿಸಿದ ಜನರಿಗಾಗಲಿ ಲಾಭದ ಪಾಲು ಕೊಡಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆ ಇರಲಿಲ್ಲ. 1992ರ ಜೀವವೈವಿಧ್ಯ ಒಡಂಬಡಿಕೆ ಹಾಗೂ ಭಾರತದ 2002ರ ಜೈವಿಕ ವೈವಿಧ್ಯ ಅಧಿನಿಯಮ ಈ ಕೊರತೆಯನ್ನು ತುಂಬಲು ಹೊರಟಂಥವು. ಜನಪದ ಜ್ಞಾನವನ್ನು ಪರೀಕ್ಷೆಗೆ ಒಡ್ಡುವುದು ಎಷ್ಟು ಅಗತ್ಯವೋ ಅದರ ಋಣವನ್ನು ಒಪ್ಪಿಕೊಳ್ಳುವುದೂ ಅಷ್ಟೇ ಅಗತ್ಯವೆಂಬುದನ್ನು ನಿತ್ಯಪುಷ್ಪದ ಚರಿತ್ರೆ ಸ್ಪಷ್ಟಪಡಿಸುತ್ತದೆ.