ನಿಮಗಿದು ಗೊತ್ತೆ? ಹುರಿದರೂ ಹೋಗದ ಬೂಷ್ಟಿನ ವಿಷ

ಊರ ಹೊಲದ ಶೇಂಗಾ ಚೀಲ ಠಾಣೆ ನಗರದ ಕೋಪರಿಗೆ ಬಂದರೆ ಮನೆಯವರಿಗೆಲ್ಲ ಖುಷಿ. ಆದರೆ ಸಮುದ್ರದ ಖಾಡಿ ಪಕ್ಕದ ಈ ನಗರದ ಮಳೆಗಾಲದ ಗಾಳಿಯಲ್ಲಿ ಒಣ ಕಾಳೂ ತೇವ ಎಳೆದುಕೊಳ್ಳುತ್ತದೆ, ಬೂಷ್ಟು ಹಿಡಿಯುತ್ತದೆ.

ಅದರಲ್ಲಿ ಹಳದಿ-ಹಸಿರು ಪುಡಿಯಂತೆ ಕಾಣುವ ಆಸ್ಪರ್‌ಜಿಲ್ಲಸ್ ಫ್ಲೇವಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ತಯಾರಿಸಬಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಇದು ಬೆಳಕಿಗೆ ಬಂತು. ಅವು ತಿಂದದ್ದು ಶೇಂಗಾ ಹಿಂಡಿ. ನಮ್ಮಲ್ಲೂ 1974ರಲ್ಲಿ ಗುಜರಾತ್, ರಾಜಸ್ಥಾನಗಳ ಗಡಿ ಜಿಲ್ಲೆಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ಯಕೃತ್ತು ಕೆಟ್ಟು ಸತ್ತರು.

‘ಬಿಸಿಲಿಗೆ ಹಾಕಿ, ಒರೆಸಿ, ಹುರಿದರೆ ಆಯ್ತು’ ಎನ್ನುವ ಅಜ್ಜಿಯ ಜಾಣತನ ಇಲ್ಲಿ ನಡೆಯದು. ಬೂಷ್ಟು ಸಾಯಬಹುದು, ಮನೆಯ ಬಾಣಲೆಯ ಶಾಖಕ್ಕೆ ವಿಷ ಪೂರ್ತಿ ಹೋಗುವುದಿಲ್ಲ. ಗಾಣದ ಎಣ್ಣೆಗೂ ಅದು ಇಳಿಯಬಹುದು.

ಸುಲಿಯದ ಕಾಯಿಯನ್ನೇ ತರಿಸಿ. ಅಲುಗಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಸುಕ್ಕಾದ, ಕಪ್ಪಾದ, ಕಹಿಯಾದ ಕಾಳನ್ನು ಎಸೆಯಿರಿ. ದನಕ್ಕೂ ಹಾಕಬೇಡಿ, ವಿಷ ಹಾಲಿಗೆ ಬರುತ್ತದೆ.