ದಶಮಾಂಶ ಬಿಂದುವಿನ ಬಲಗಡೆ

ಬಸವನ ಬಾಗೇವಾಡಿ ತಾಲೂಕಿನ ಹೂವಿನ ಹಿಪ್ಪರಗಿಯಲ್ಲಿ, ಡೋಣಿ ಸೀಮೆಯ ಎರೆಭೂಮಿಯ ನಡುವಣ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು, ನಿವೃತ್ತ ಗಣಿತ ಶಿಕ್ಷಕರೊಬ್ಬರು ನನ್ನ ಮುಂದೆ ಬಿಡಿಸಿಟ್ಟ ಕೆಂಪು ರಟ್ಟಿನ ಕಿರ್ದಿ ಪುಸ್ತಕವನ್ನು ಕಂಡಂದಿನಿಂದ ಅದರ ಅಂಕಿಗಳು ನನ್ನ ಚಿತ್ತವನ್ನು ಬಿಟ್ಟು ಕದಲಿಲ್ಲ. ಒಂದು ಪುಟದಲ್ಲಿ ಬಿಳಿಜೋಳದ ಚೀಲಗಳ ಲೆಕ್ಕ, ತೊಗರಿಯ ಧಾರಣೆ. ಎದುರು ಪುಟದಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ತಾರೀಖು, ಲ್ಯಾಬಿನ ಹೆಸರು, ಅದರ ಮುಂದೊಂದು ಸಂಖ್ಯೆ: 12.8, ಕೆಳಗೆ, 0.1ಕ್ಕಿಂತ ಕಡಿಮೆ, ಮತ್ತೆ, 0.1ಕ್ಕಿಂತ ಕಡಿಮೆ; ಆಮೇಲೆ 0.03, 0.05, 0.1. ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಇಡಿಯ ಗ್ರಂಥಿಯನ್ನೇ ತೆಗೆಸಿಕೊಂಡ ಆ ಮಾಸ್ತರರ ರಕ್ತದಲ್ಲಿ, ಮಿಲಿಲೀಟರಿಗೆ ಎಷ್ಟು ನ್ಯಾನೋಗ್ರಾಂ ಪಿಎಸ್‌ಎ ಉಳಿದಿದೆಯೆಂಬುದರ ದಾಖಲೆ ಅದು; ಪಿಎಸ್‌ಎ ಎಂದರೆ ಪ್ರಾಸ್ಟೇಟ್ ಗ್ರಂಥಿ ಸ್ರವಿಸುವ ಒಂದು ಪ್ರೋಟೀನು.

“ಸರ, ಮೊದಲ ಈ ಪಾನಾ ನೋಡ್ರಿ, ಆಮ್ಯಾಲೆ ಚಹಾ ಕುಡಿಯೂಣಂತ” ಎಂದರು ಅವರು.

ಆಪರೇಷನ್ ಆದೊಡನೆ ‘ಬ್ಯಾನಿ ಹೋತು’ ಎಂದು ಸಮಾಧಾನ ತಾಳಿ, ವರದಿಗಳನ್ನೆಲ್ಲ ಟ್ರಂಕಿನ ತಳಕ್ಕೆ ಸೇರಿಸಿಬಿಡುವುದು ಇಂಡಿ, ಸಿಂದಗಿ, ಮುದ್ದೇಬಿಹಾಳಗಳ ಕಡೆ ನಾನು ಎಷ್ಟೋ ಮನೆಗಳಲ್ಲಿ ಕಂಡ ಸಂಗತಿ. ಮಾಸ್ತರರ ಮಗನದು ಇದಕ್ಕೆ ವಿಪರೀತವಾದ ಆತುರ. ಎಂಟು ದಿನಕ್ಕೇ ರಕ್ತ ಪರೀಕ್ಷೆಯಾಗಲೆಂದು ಗಂಟುಬಿದ್ದನಂತೆ. ಆರು ವಾರ ತಡೆಯಿರೆಂದು ಸರ್ಜನ್ ಹೇಳಿದ್ದೇಕೆಂಬುದನ್ನು ಮಾಸ್ತರರು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ತಾವೇ ಲೆಕ್ಕ ಹಾಕಿಟ್ಟಿದ್ದರು. ಗ್ರಂಥಿ ಹೋದ ಮೇಲೆ ರಕ್ತದಲ್ಲುಳಿದ ಪಿಎಸ್‌ಎ ಎರಡು-ಮೂರು ದಿನಕ್ಕೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ: 12.8, 6.4, 3.2, 1.6, 0.8, 0.4, 0.2, 0.1, 0.05. ಎಂಟು ಅರ್ಧಗಳು, ಮೂರು ದಿನದಂತೆ ಇಪ್ಪತ್ತನಾಲ್ಕು ದಿನ. ಅದಕ್ಕಿಂತ ಮೊದಲೇ ಅಳೆದರೆ ಹಳೆಯ ಶೇಷವನ್ನು ಕಂಡು ವೃಥಾ ಕಂಗೆಡಬೇಕಾದೀತು; ಆರು ವಾರದ ತರುವಾಯವೂ ಅದು ಗಣನೀಯವಾಗಿ ಉಳಿದಿದ್ದರೆ ಮಾತ್ರ ರೋಗದ ಅಂಶ ಎಲ್ಲಿಯೋ ಉಳಿದಿದೆಯೆಂದು ಶಂಕಿಸಬೇಕಾಗುತ್ತದೆ.

ಈ ಪ್ರೋಟೀನಿನ ಪೂರ್ವಚರಿತ್ರೆಯನ್ನು ಅರಸಿ ಹೊರಟ ನನಗೆ ದೊರೆತ ವಿಚಿತ್ರವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ವೀರ್ಯವನ್ನು ತೆಳುವಾಗಿಸುವುದೇ ದೇಹದಲ್ಲಿ ಇದರ ಸಹಜ ಕಾರ್ಯ. ಆದಕಾರಣ ಇದನ್ನು ಮೊದಮೊದಲು ಬೆನ್ನಟ್ಟಿದವರಲ್ಲಿ ಕ್ಯಾನ್ಸರ್ ವೈದ್ಯರಿಗಿಂತ ಮುಂಚೆ ಅಪರಾಧ ಪತ್ತೆಯ ವಿಜ್ಞಾನಿಗಳು ಬರುತ್ತಾರೆ. ಜಪಾನಿನ ಹಾರಾ ಎಂಬವರು 1971ರಲ್ಲಿ ವೀರ್ಯದಲ್ಲಿ ಕಂಡ ಒಂದು ಪ್ರೋಟೀನಿಗೆ ಗಾಮಾ-ಸೆಮಿನೋಪ್ರೋಟೀನ್ ಎಂದು ಹೆಸರಿಟ್ಟರು. ಅಮೆರಿಕದ ಸೆನ್ಸಬಾ 1978ರಲ್ಲಿ ಅದನ್ನೇ ಪಿ30 ಎಂದು ಕರೆದರು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಪುರುಷನ ವೀರ್ಯದಲ್ಲಿ ವೀರ್ಯಾಣುಗಳಿರುವುದಿಲ್ಲವಷ್ಟೆ. ಸೂಕ್ಷ್ಮದರ್ಶಕ ಕೈಸೋತ ಅಂಥಲ್ಲಿಯೂ, ಅತ್ಯಾಚಾರದ ಮೊಕದ್ದಮೆಗಳಲ್ಲಿ, ವಸ್ತ್ರದ ಮೇಲಿನ ಕಲೆ ಏತರದೆಂಬುದನ್ನು ಈ ಪ್ರೋಟೀನು ಸಾಕ್ಷಿ ನುಡಿಯಿತು. 1979ರಲ್ಲಿ ಬಫಲೋ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ವಾಂಗ್ ಮತ್ತು ಸಂಗಡಿಗರು ಪ್ರಾಸ್ಟೇಟಿನ ಅಂಗಾಂಶದಿಂದಲೇ ಒಂದು ಪ್ರೋಟೀನನ್ನು ಶುದ್ಧೀಕರಿಸಿ ಪಿಎಸ್‌ಎ ಎಂದರು. ಹೀಗೆ ಮೂರು ಕಡೆ ಮೂರು ಹೆಸರಿನಿಂದ ಬೆಳೆದದ್ದು ಒಂದೇ ವಸ್ತುವೆಂಬುದು ಕಾಲಕ್ರಮದಲ್ಲಿ ಸಿದ್ಧವಾಯಿತು. ಅತ್ಯಲ್ಪ ಪ್ರಮಾಣದಲ್ಲಿ ಇದು ತಾಯಿಯ ಎದೆಹಾಲಿನಲ್ಲಿಯೂ ಉಂಟೆಂಬುದನ್ನು ಓದಿದಾಗ ನನಗಾದ ವಿಸ್ಮಯ ಇನ್ನೂ ಮಾಸಿಲ್ಲ.

ಅಮೆರಿಕದ ಸರಕಾರ 1986ರಲ್ಲಿ ಈ ಪರೀಕ್ಷೆಗೆ ಮೊದಲ ಅನುಮತಿಯಿತ್ತದ್ದು ಚಿಕಿತ್ಸೆಯಾದ ರೋಗಿಗಳ ಮೇಲೆ ನಿಗಾ ಇಡುವುದಕ್ಕೆ. ಆರೋಗ್ಯವಂತರಲ್ಲಿ ಕ್ಯಾನ್ಸರನ್ನು ಹುಡುಕಲು ಅನುಮತಿ ದೊರೆತದ್ದು 1994ರಲ್ಲಿ. ಪಿಎಸ್‌ಎ ಪರೀಕ್ಷೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ವಾದವಿವಾದವೆಲ್ಲ ಈ ಎರಡನೆಯ ಉಪಯೋಗವನ್ನು ಕುರಿತದ್ದು. ಅದನ್ನೋದಿ, ಆಪರೇಷನ್ ಮಾಡಿಸಿಕೊಂಡವರೂ ಪರೀಕ್ಷೆಯನ್ನು ತೊರೆಯುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಗ್ರಂಥಿಯೇ ಇಲ್ಲದವನಲ್ಲಿ ಇದಕ್ಕಿಂತ ನಂಬುಗೆಯ ಸಾಕ್ಷಿ ಬೇರೊಂದಿಲ್ಲ.

ಆದರೆ ಸಾಕ್ಷಿಯ ಮಾತನ್ನು ಕೇಳುವ ಕ್ರಮವೊಂದುಂಟು. ಎರಡು ಸಲ ‘0.1ಕ್ಕಿಂತ ಕಡಿಮೆ’ ಎಂದು ಬಂದ ಮೇಲೆ ಮಾಸ್ತರರು ಬೇರೊಂದು ಲ್ಯಾಬಿಗೆ ಹೋದಾಗ ಬಂದದ್ದು 0.03. ಸೊನ್ನೆಯಿದ್ದದ್ದು ಏರಿತೆಂದು ಮಗ ಪುಣೆಯಿಂದ ಫೋನಿನಲ್ಲಿ ಕಣ್ಣೀರಿಟ್ಟನಂತೆ. “ಸೇರಿನಾಗ ಅಳಿಯಾಂವಗ ಚಿಟಿಗಿ ಕಾಳು ಕಾಣತಾವೇನ್ರಿ? ಮೊದಲಿನ ಲ್ಯಾಬಿನಾಗ ಸೇರಿತ್ತು, ಇಲ್ಲೆ ಚಿಟಿಗಿ ಅಳದ್ರು” ಎಂದು ಮಾಸ್ತರರು ಅವನನ್ನು ಸಂತೈಸಿದರು. ಯಂತ್ರದಿಂದ ಯಂತ್ರಕ್ಕೆ ಅಳತೆ ಬದಲಾಗುವುದರಿಂದ ಒಂದೇ ಲ್ಯಾಬನ್ನು ಹಿಡಿದಿರುವುದು ಮೇಲು. ಉಳಿದ ನಿರಪಾಯಕಾರಿ ಅಂಗಾಂಶದಿಂದಲೂ 0.02, 0.03 ಬರುವುದುಂಟು; 0.2ಕ್ಕೆ ಮುಟ್ಟಿ, ಮರುಪರೀಕ್ಷೆಯಲ್ಲಿಯೂ ಅದು ದೃಢಪಟ್ಟರೆ ರೋಗ ಮರುಕಳಿಸಿತೆಂದು ಎಣಿಸುವುದು ವಾಡಿಕೆ.

ಅದೇ ಲ್ಯಾಬಿನಲ್ಲಿ ತರುವಾಯ ಬಂದ 0.05, 0.1 ಇವು ಮಾತ್ರ ನಿಜವಾದ ಏರಿಕೆಯೇ. ಇಮ್ಮಡಿಯಾಗಲು ಹಿಡಿದದ್ದು ವರುಷಕ್ಕೂ ಮಿಕ್ಕ ಕಾಲ. ಮಾಸ್ತರರ ಪತ್ನಿ ಬಾಗಿಲ ಬಳಿ ನಿಂತು ಕೇಳಿದ ಪ್ರಶ್ನೆ ನೇರವಾಗಿತ್ತು: “ಅಣ್ಣಾರ, ಗುಳಿಗಿನೂ ಇಲ್ಲ, ಸೂಜಿನೂ ಇಲ್ಲ, ಬರೇ ನೋಡಕೋತ ಕೂಡೂದು ಯಾತರ ಔಷಧರಿ?”

ತೆಗೆದ ಗ್ರಂಥಿಯ ಅಂಚಿನಲ್ಲಿ ಕ್ಯಾನ್ಸರ್ ಕಂಡವರಿಗೆ, ಅಥವಾ ಅದು ಗ್ರಂಥಿಯ ಕವಚವನ್ನು ದಾಟಿದ್ದವರಿಗೆ, ಪಿಎಸ್‌ಎ ಏರುವ ಮೊದಲೇ ವಿಕಿರಣ ಕೊಡಬೇಕೆಂಬ ಮತ ಬಹುಕಾಲ ಪ್ರಬಲವಾಗಿತ್ತು. 2020ರಲ್ಲಿ ಬೆಳಕು ಕಂಡ ಮೂರು ಅಧ್ಯಯನಗಳು ಆ ಮತವನ್ನು ಸಡಿಲಿಸಿದವು. ಬ್ರಿಟನ್ ಮೊದಲಾದ ದೇಶಗಳ ರ‍್ಯಾಡಿಕಲ್ಸ್ ಅಧ್ಯಯನದಲ್ಲಿ 1396 ಜನರಿದ್ದರು. ಕೂಡಲೇ ವಿಕಿರಣ ಪಡೆದವರಲ್ಲಿ ಐದು ವರುಷಕ್ಕೆ ರೋಗ ಮುಂದುವರಿಯದವರು ನೂರಕ್ಕೆ 85, ಪಿಎಸ್‌ಎ ಏರುವವರೆಗೆ ಕಾದವರಲ್ಲಿ 88. ಇವೆರಡರ ಅಂತರವನ್ನು ಗಣನೆಗೆ ತರುವಂತಿಲ್ಲ. ಮೊದಲಿನವರಿಗೆ ಮೂತ್ರದ ಉಪದ್ರವ ಹೆಚ್ಚಾಯಿತು. ಮೂರೂ ಅಧ್ಯಯನಗಳನ್ನು ಒಟ್ಟಿಗೆ ಹಿಡಿದಾಗ, ಕಾದವರಲ್ಲಿ ಬಹುಮಂದಿಗೆ ಅಲ್ಲಿಯವರೆಗೂ ವಿಕಿರಣದ ಆವಶ್ಯಕತೆಯೇ ಬಂದಿರಲಿಲ್ಲ. ಕ್ಯಾನ್ಸರಿನ ಉಗ್ರತೆಯನ್ನು ಸೂಚಿಸುವ ಗ್ಲೀಸನ್ ಅಂಕ 8 ಅಥವಾ ಅದಕ್ಕೂ ಮೇಲಿದ್ದವರ, ಇಲ್ಲವೆ ದುಗ್ಧರಸ ಗ್ರಂಥಿಗಳಿಗೆ ರೋಗ ಮುಟ್ಟಿದವರ ವಿಚಾರ ಬೇರೆ. ಮಾಸ್ತರರದು 7, ಅದೂ ಮೂರಕ್ಕೆ ನಾಲ್ಕು ಕೂಡಿದ ಏಳು. ಮಾಸ್ತರರ ಪತ್ನಿಗೆ ನಾನು ಹೇಳಿದ್ದಿಷ್ಟೆ: ಕಾಯುವುದೆಂದರೆ ಕೈಕಟ್ಟಿ ಕೂಡುವುದಲ್ಲ, ತಾರೀಖು ತಪ್ಪದೆ ಅಳೆಯುವುದು, ಅಳೆಯದೆ ಕಾದವರಿಗೆ ಆ ಅಧ್ಯಯನಗಳ ಆಶ್ವಾಸನೆ ಸಲ್ಲದು.

ಹೊಸ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿಸಿ ರೋಗ ಎಲ್ಲಿದೆಯೆಂದು ನೋಡೋಣವೆಂಬುದು ಮಗನ ಹಟ. ಆ ಯಂತ್ರದ ಸಾಮರ್ಥ್ಯದಲ್ಲಿ ನನಗೆ ಗೌರವವಿದೆ. ಆದರೆ ಪಿಎಸ್‌ಎ 0.1ರಷ್ಟಿರುವಾಗ ಅದು ಬಹಳ ಸಲ ಏನನ್ನೂ ತೋರಿಸದು, ಮತ್ತು ಏನೂ ಕಾಣಲಿಲ್ಲವೆಂಬ ಕಾರಣಕ್ಕೆ ವಿಕಿರಣವನ್ನು ಮುಂದೂಡುತ್ತ ಹೋಗುವುದು ದೊಡ್ಡ ಪ್ರಮಾದ. 0.5ಕ್ಕೆ ಮೊದಲೇ, ಸಾಧ್ಯವಾದಷ್ಟೂ ಕಡಿಮೆಯಿರುವಾಗಲೇ ಕೊಟ್ಟ ವಿಕಿರಣ ಹೆಚ್ಚು ಫಲಿಸುತ್ತದೆ. ಹಾರ್ಮೋನ್ ಸೂಜಿಗೂ ಮಾಸ್ತರರ ಮಟ್ಟಿಗೆ ಈಗ ಅವಸರವಿಲ್ಲ. 1999ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನವರು ಪ್ರಕಟಿಸಿದ ಲೆಕ್ಕದಲ್ಲಿ, ಪಿಎಸ್‌ಎ ಏರಿದರೂ ಹಾರ್ಮೋನ್ ಚಿಕಿತ್ಸೆ ಪಡೆಯದೆ ಇದ್ದವರಲ್ಲಿ, ರೋಗ ಎಲುಬು ಮುಂತಾದೆಡೆ ಕಾಣಿಸಿಕೊಳ್ಳಲು ಹಿಡಿದ ಮಧ್ಯಮ ಅವಧಿ ಎಂಟು ವರುಷ. ಬೇಗಬೇಗ ಇಮ್ಮಡಿಸಿದವರಲ್ಲಿ ಅದು ಕಡಿಮೆ.

ಸರ್ಜನ್ ಹೇಳಿರುವುದು, ಮೂರು ತಿಂಗಳಿಗೆ ಅದೇ ಲ್ಯಾಬಿನಲ್ಲಿ ಮತ್ತೊಮ್ಮೆ. ಏರಿಕೆ ಮುಂದುವರಿದರೆ 0.2 ದಾಟುವುದನ್ನು ಕಾಯದೆ ವಿಕಿರಣ ತಜ್ಞರ ಭೇಟಿ. “ಹಿಂಗಾರಿ ಸುಗ್ಗಿ ಮುಗಿಸಿಕೊಂಡು ಹೋದರ ನಡೀತದನ್ರಿ?” ಎಂದು ಮಾಸ್ತರರು ಕೇಳಿದರಂತೆ, ವರುಷಕ್ಕೊಮ್ಮೆ ಇಮ್ಮಡಿಸುವ ಸಂಖ್ಯೆಗೆ ಕೆಲವು ವಾರಗಳಿಂದ ಹಾನಿಯಿಲ್ಲವೆಂದು ಸರ್ಜನ್ ಒಪ್ಪಿದ್ದಾರೆ. ವಿಕಿರಣವೆಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯೋ, ಕಲಬುರಗಿಯ ಕಿದ್ವಾಯಿ ಕೇಂದ್ರವೋ, ಗಡಿಯಾಚೆ ಬಾರ್ಶಿಯೋ, ಎಲ್ಲಿಗೆ ಹೋದರೂ ಅಷ್ಟು ದಿನ ಅಲ್ಲಿಯೇ ಬಿಡಾರ ಹೂಡಬೇಕು. ಬಡವರ ಚಿಕಿತ್ಸೆಯ ವೆಚ್ಚಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯ ಆಸರೆಯುಂಟು. ಆದರೆ ಬಿಡಾರದ ಖರ್ಚು, ಹೊಲದ ಕೆಲಸ ನಿಂತ ನಷ್ಟ, ಜೊತೆಗಿರುವ ಮಗನ ಪಗಾರ, ಇವು ಮನೆಯ ಮೇಲೆಯೇ ಬೀಳುತ್ತವೆ.

ಯಂತ್ರಗಳನ್ನು ಹಳ್ಳಿಗೆ ತರುವುದು ಕಷ್ಟವೆಂಬುದನ್ನು ನಾನು ಬಲ್ಲೆ. ರಕ್ತವನ್ನು ಕಳಿಸುವುದು ಕಷ್ಟವಲ್ಲ. ಆಪರೇಷನ್ ಆದವರ ತಾರೀಖುಗಳನ್ನು ತಾಲೂಕು ಆಸ್ಪತ್ರೆಯಲ್ಲೊಂದು ರಿಜಿಸ್ಟರಿನಲ್ಲಿ ಬರೆದಿಟ್ಟು, ಮೊದಲ ವರುಷಗಳಲ್ಲಿ ಆರಾರು ತಿಂಗಳಿಗೂ ಆಮೇಲೆ ವರುಷಕ್ಕೊಮ್ಮೆಯೂ ಅವರನ್ನು ಕರೆಸಿ, ಅಲ್ಲಿಯೇ ರಕ್ತ ತೆಗೆದು, ಜಿಲ್ಲೆಯ ಒಂದೇ ಪ್ರಯೋಗಾಲಯಕ್ಕೆ ಕಳಿಸಿ, ಹಿಂದಿನ ಅಂಕಿಗಳ ಕೆಳಗೆ ಹೊಸದನ್ನು ಬರೆದು ರೋಗಿಯ ಕೈಗೆ ಕೊಡುವ ಏರ್ಪಾಡನ್ನು ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳಗಳಲ್ಲಿ ಆರೋಗ್ಯ ಇಲಾಖೆ ಈ ವರುಷವೇ ಆರಂಭಿಸಬೇಕು.