ಹಿನ್ನೀರು ಇಳಿದಾಗ ಆನೆಗಳ ಜಾತ್ರೆ

ಕಾಡು ನೋಡಲು ಮಳೆಗಾಲದ ಹಸಿರೇ ಚೆಂದ ಎನ್ನುವವರು ಕಬಿನಿಯ ವಿಷಯದಲ್ಲಿ ಲೆಕ್ಕ ತಪ್ಪುತ್ತಾರೆ. ನಾಗರಹೊಳೆಯ ಆನೆಗಳು ಗುಂಪುಗುಂಪಾಗಿ ಕಣ್ಣಿಗೆ ಬೀಳುವುದು ಬಿರುಬೇಸಿಗೆಯಲ್ಲಿ. ಮಾರ್ಚ್ ಹೊತ್ತಿಗೆ ಒಳಕಾಡಿನ ಕೆರೆಕಟ್ಟೆಗಳು ಬತ್ತುತ್ತವೆ, ಹುಲ್ಲು ಒಣಗಿ ತರಗಾಗುತ್ತದೆ. ಅದೇ ವೇಳೆಗೆ ಕಬಿನಿ ಜಲಾಶಯದ ನೀರೂ ಇಳಿಯುತ್ತದೆ. ನೀರು ಬಿಟ್ಟುಕೊಟ್ಟ ತೇವದ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ದಿನಕ್ಕೆ ನೂರೈವತ್ತು ಕಿಲೋದಷ್ಟು ಮೇವು ಬೇಡುವ ಪ್ರಾಣಿಗೆ ಊಟ, ನೀರು, ಸ್ನಾನ ಒಂದೇ ಕಡೆ ಸಿಕ್ಕರೆ ಇನ್ನೇನು ಬೇಕು? ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವ ಜಾಗಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು.

ಈ ಹುಲ್ಲುಗಾವಲು ಪ್ರಕೃತಿ ತಾನಾಗಿ ಕೊಟ್ಟದ್ದಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ 1974ರಲ್ಲಿ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಕಾಡೂ ಮುಳುಗಿತು. ನಾಗರಹೊಳೆ, ಬಂಡೀಪುರಗಳ ನಡುವೆ ಹಿನ್ನೀರು ಹರಡಿಕೊಂಡಿತು. ಮುಳುಗಿದ ಮರಗಳ ಬೋಳು ಕಾಂಡಗಳು ಇಂದಿಗೂ ನೀರಿನಿಂದ ತಲೆ ಎತ್ತಿ ನಿಂತಿವೆ.

ಕಾಡಾನೆಗಳನ್ನು ಹಿಡಿಯುವ ಹೆಸರಾಂತ ಕಾಕನಕೋಟೆ ಖೆಡ್ಡಾ ನಡೆಯುತ್ತಿದ್ದುದೂ ಇದೇ ಸೀಮೆಯಲ್ಲಿ. ಬೆಂಕಿ ಹಚ್ಚಿ, ತಮಟೆ ಬಡಿದು, ಹಿಂಡನ್ನು ಬೆದರಿಸಿ ಹೊಳೆಗೆ ಇಳಿಸುತ್ತಿದ್ದರು. ಅಲ್ಲಿಂದ ಗಟ್ಟಿ ಮರದ ದೊಡ್ಡಿಗೆ ನೂಕುತ್ತಿದ್ದರು. ಆನೆಯ ಹೆಜ್ಜೆ ಹಿಡಿದು ದಾರಿ ಹೇಳಲು ಕಾಡುಕುರುಬರೇ ಬೇಕಿತ್ತು. ಕೂತು ನೋಡಿ ಚಪ್ಪಾಳೆ ತಟ್ಟಲು ಮಹಾರಾಜರ ಅತಿಥಿಗಳಾಗಿ ಬಂದ ವೈಸ್‌ರಾಯ್‌ಗಳು. 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್‌ವರೆಗೆ ಹೋದ ನಟ ಸಾಬು ಹುಟ್ಟಿದ್ದು ಇಲ್ಲಿನ ಕಾರಾಪುರದಲ್ಲಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಈಗ ಬರುವವರ ಕೈಯಲ್ಲಿ ಕ್ಯಾಮೆರಾ. ದಮ್ಮನಕಟ್ಟೆಯಿಂದ ಜೀಪು, ಬಸ್ಸುಗಳಲ್ಲಿ ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಹಿನ್ನೀರಿನಲ್ಲಿ ದೋಣಿ ಸಫಾರಿಯೂ ಉಂಟು. ಆದರೆ ಗಾಡಿ ಹತ್ತಿದ ಬಹುಪಾಲು ಜನರ ಕಣ್ಣೆಲ್ಲ ಹುಲಿಯ ಮೇಲೆ. ಎಲ್ಲೋ ಜಿಂಕೆ ಕೂಗಿತೆಂದರೆ ಸಾಕು, ಎದುರಿಗಿರುವ ಆನೆ ಹಿಂಡನ್ನು ಬಿಟ್ಟು ಗಾಡಿ ಓಡುತ್ತದೆ. ಹುಲಿಯೂ ಇಲ್ಲ, ಆನೆಯೂ ಇಲ್ಲ ಎಂದು ಗೊಣಗುತ್ತ ಮರಳುವವರಿಗೆ ಕಡಿಮೆಯೇನಿಲ್ಲ!

ಅರ್ಧ ಗಂಟೆ ಸುಮ್ಮನೆ ನಿಂತರೆ ಆನೆಯೇ ಬೇಕಾದಷ್ಟು ತೋರಿಸುತ್ತದೆ. ಹಿಂಡಿನ ಯಜಮಾನಿಕೆ ಹಿರಿಯ ಹೆಣ್ಣಾನೆಯದು. ಅವಳು ನಿಂತರೆ ಹಿಂಡು ನಿಲ್ಲುತ್ತದೆ, ಅವಳು ನಡೆದರೆ ನಡೆಯುತ್ತದೆ. ಅಪಾಯದ ವಾಸನೆ ಬಡಿದರೆ ದೊಡ್ಡವು ಮರಿಗಳ ಸುತ್ತ ಗೋಡೆ ಕಟ್ಟಿ ನಿಲ್ಲುತ್ತವೆ. ಹುಲ್ಲಿನ ಕಂತೆಯನ್ನು ಬೇರುಸಮೇತ ಕಿತ್ತು, ಕಾಲಿಗೆ ಬಡಿದು, ಮಣ್ಣು ಉದುರಿಸಿಯೇ ಬಾಯಿಗಿಡುವುದು. ಎಳೆಮರಿಗೆ ಸೊಂಡಿಲನ್ನು ಹೇಗೆ ಬಳಸಬೇಕೆಂದೇ ತಿಳಿದಿರುವುದಿಲ್ಲ. ನೀರಿಗೆ ನೇರ ಬಾಯಿ ಹಾಕುತ್ತದೆ. ಪ್ರಾಯಕ್ಕೆ ಬಂದ ಗಂಡು ಹಿಂಡು ಬಿಟ್ಟು ಹೋಗುತ್ತದೆ. ಕಣ್ಣು ಕಿವಿಗಳ ನಡುವೆ ಎಣ್ಣೆಯಂಥ ದ್ರವ ಸುರಿಸುತ್ತ ಬರುವ ಸಲಗ ಕಂಡರೆ ಅದು ಮದದಲ್ಲಿದೆ ಎಂದು ತಿಳಿದು ಚಾಲಕ ಗಾಡಿ ಹಿಂದಕ್ಕೆ ತೆಗೆಯುತ್ತಾನೆ. ಫೋಟೊಗಾಗಿ ಅವನನ್ನು ಪೀಡಿಸದಿರುವುದು ಲೇಸು.

2023ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 6,395 ಕಾಡಾನೆಗಳಿದ್ದವು, ದೇಶದಲ್ಲೇ ಹೆಚ್ಚು. ಬಂಡೀಪುರದಲ್ಲಿ 1,116, ನಾಗರಹೊಳೆಯಲ್ಲಿ 831. ಆದರೆ ಆನೆ ಗಡಿ ಓದಿಕೊಂಡು ನಡೆಯುವುದಿಲ್ಲ. ಕಾಡಂಚಿನ ಊರುಗಳಲ್ಲಿ ರಾಗಿ ತೆನೆ ಕಟ್ಟುವ ಹೊತ್ತಿಗೆ ರೈತರು ಅಟ್ಟಣೆಯ ಮೇಲೆ ರಾತ್ರಿ ಕಳೆಯುತ್ತಾರೆ. ಕಂದಕ, ಸೋಲಾರ್ ಬೇಲಿಗಳನ್ನು ಆನೆ ದಾಟುವುದನ್ನು ಕಲಿತ ಮೇಲೆ ಅರಣ್ಯ ಇಲಾಖೆ ಹಳೆಯ ರೈಲು ಕಂಬಿಗಳ ತಡೆಗೋಡೆ ನೆಡುತ್ತಿದೆ. ಸಂಘರ್ಷ ಆನೆಯೊಂದಿಗೆ ಮಾತ್ರವಲ್ಲ: ಹುಲಿ ದಾಳಿಗೆ ಜನ ಬಲಿಯಾದಾಗ 2025ರ ನವೆಂಬರಿನಲ್ಲಿ ನಾಗರಹೊಳೆ, ಬಂಡೀಪುರ ಎರಡರಲ್ಲೂ ಸಫಾರಿಯನ್ನೇ ನಿಲ್ಲಿಸಲಾಯಿತು. ಸಿಬ್ಬಂದಿಯನ್ನು ಊರುಗಳ ಕಾವಲಿಗೆ ಹಚ್ಚಬೇಕಾಗಿತ್ತು. ಹಾಗಾಗಿ ಹೊರಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಬೇಕು. ಜೂನ್ ದಾಟಿದರೆ ಹೋಗುವುದರಲ್ಲಿ ಹೆಚ್ಚು ಅರ್ಥವಿಲ್ಲ: ವಯನಾಡಿನ ಮಳೆಗೆ ಕಬಿನಿ ತುಂಬುತ್ತದೆ, ಹುಲ್ಲುಗಾವಲು ಮುಳುಗುತ್ತದೆ, ಹಿಂಡುಗಳು ಒಳಕಾಡಿಗೆ ಚದುರುತ್ತವೆ.